ಮರಗಸಿ, ಮೆಣಸು ಕೊಯ್ಲು, ಔಷಧಿ ಹೊಡೆಯುವುದು: ತೋಟದ ಅಪಾಯದ ಕೆಲಸಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಚಿಕ್ಕಮಗಳೂರು, ಮೂಡಿಗೆರೆ, ಕೊಪ್ಪ, ಸಕಲೇಶಪುರ, ಆಲೂರು, ಬೇಲೂರು ಕಡೆಯ ಕಾಫಿ ಬೆಳೆಗಾರರು, ತೋಟದ ಲೆಕ್ಕ-ಉಸ್ತುವಾರಿ ನೋಡುವ ರೈಟರ್‌ಗಳು, ಮೇಸ್ತ್ರಿಗಳು, ಮರ ಹತ್ತುವವರು ಮತ್ತು ಅವರ ಮನೆಯವರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳು ಇಲ್ಲಿವೆ. ಪ್ರಶ್ನೆಗಳನ್ನು ಅವರ ಮಾತಿನಲ್ಲೇ ಇಟ್ಟಿದ್ದೇವೆ. ಮರಗಸಿ ಎಂದರೆ ನೆರಳಿನ ಮರಗಳ ಕೊಂಬೆ ಕಡಿಯುವುದು, ಮೆಣಸು ಎಂದರೆ ಮರಕ್ಕೆ ಹಬ್ಬಿಸಿದ ಕಾಳುಮೆಣಸು. ಜೀವಕ್ಕೆ ನೇರವಾಗಿ ಸಂಬಂಧಿಸಿದ ಏಣಿ ಮತ್ತು ಕರೆಂಟಿನ ವಿಷಯಕ್ಕೆ ಹೆಚ್ಚು ಜಾಗ ಕೊಟ್ಟಿದ್ದೇವೆ.

## ಮೊದಲು ತಿಳಿಯಬೇಕಾದದ್ದು

ನಮ್ಮಪ್ಪನ ಕಾಲದಿಂದ ಹೀಗೇ ಮರ ಹತ್ತಿಸ್ತಿದ್ದೀವಿ, ಒಬ್ರೂ ಬಿದ್ದಿಲ್ಲ. ಈಗ ಯಾಕೆ ಈ ಲೆಕ್ಕಾಚಾರ?

ಲೆಕ್ಕ ಹಾಕಿಯೇ ನೋಡೋಣ. ನಾಲ್ಕು ಜನ, ವರ್ಷಕ್ಕೆ 40 ದಿನ, ದಿನಕ್ಕೆ ತಲಾ 30 ಮರ ಅಂದರೆ ವರ್ಷಕ್ಕೆ 4,800 ಸಲ ಹತ್ತಿ ಇಳಿದಂತಾಯಿತು. 50,000 ಸಲ ಹತ್ತಿದರೆ ಒಂದು ಸಲ ಬೀಳುತ್ತಾರೆ ಎಂದು ಉದಾಹರಣೆಗೆ ಇಟ್ಟುಕೊಳ್ಳಿ. ಆಗ ಒಂದು ತೋಟದಲ್ಲಿ ಸರಾಸರಿ ಹತ್ತು ವರ್ಷಕ್ಕೆ ಒಬ್ಬರು ಬೀಳುತ್ತಾರೆ. ಆದರೆ ಹತ್ತು ವರ್ಷ ಪೂರ್ತಿ ಒಬ್ಬರೂ ಬೀಳದ ತೋಟಗಳೂ ಐದರಲ್ಲಿ ಎರಡರಷ್ಟು ಇರುತ್ತವೆ. ಅವರೆಲ್ಲ "ನಮ್ಮಲ್ಲಿ ಏನೂ ಆಗಿಲ್ಲ" ಎಂದೇ ಹೇಳುತ್ತಾರೆ, ಮತ್ತು ಅದು ನಿಜವೂ ಹೌದು. ಅಂಥ ನೂರು ತೋಟಗಳಿರುವ ಹೋಬಳಿಯಲ್ಲಿ ಮಾತ್ರ ಪ್ರತಿ ವರ್ಷ ಒಂಬತ್ತು ಹತ್ತು ಜನ ಬೀಳುತ್ತಿರುತ್ತಾರೆ. ಒಂದು ತೋಟದ ಅನುಭವದಿಂದ ಅಪರೂಪದ ಅಪಾಯವನ್ನು ಅಳೆಯಲು ಆಗುವುದಿಲ್ಲ.

ಇನ್ನೊಂದು, ಅಪ್ಪನ ಕಾಲದ ಕೆಲಸವೇ ಈಗ ಉಳಿದಿಲ್ಲ. ಆಗ ಒಂಟಿ ಬಿದಿರಿನ ಏಣಿ ಇತ್ತು, ಅದೇ ಮರಗಳನ್ನು ವರ್ಷವರ್ಷವೂ ಹತ್ತಿ ಪಳಗಿದ ಆಳುಗಳಿದ್ದರು. ಈಗ ಸಿಲ್ವರ್ (ಸಿಲ್ವರ್ ಓಕ್) ಮರದ ಮೇಲೆ 30-40 ಅಡಿ ಹಬ್ಬಿದ ಮೆಣಸಿನ ಬಳ್ಳಿ, ಅಲ್ಯೂಮಿನಿಯಂ ಏಣಿ, ತೋಟದ ನಡುವೆ ಕರೆಂಟ್ ಲೈನ್, ನಿನ್ನೆ ಮೊನ್ನೆ ಬಂದ ಕೊಯ್ಲಿನ ಗುಂಪು ಇವೆ. 30 ಅಡಿಯಿಂದ ಬಿದ್ದವರು ಒಂದೂವರೆ ಸೆಕೆಂಡಿನೊಳಗೆ, ಗಂಟೆಗೆ ಸುಮಾರು 48 ಕಿ.ಮೀ. ವೇಗದಲ್ಲಿ ನೆಲಕ್ಕೆ ಅಪ್ಪಳಿಸುತ್ತಾರೆ.

ಅಪಾಯ ಅಂದ್ರೂ ರಿಸ್ಕ್ ಅಂದ್ರೂ ಒಂದೇ ಅಲ್ವಾ?

ಮಾತಿನಲ್ಲಿ ಒಂದೇ, ಕೆಲಸದಲ್ಲಿ ಬೇರೆ. ತೋಟದ ಮೇಲೆ ಹಾದುಹೋದ 11 ಕೆವಿ (11,000 ವೋಲ್ಟಿನ) ತಂತಿ ಅಪಾಯದ ಮೂಲ, ಅದು ವರ್ಷಪೂರ್ತಿ ಅಲ್ಲೇ ಇರುತ್ತದೆ. ಅದರ ಕೆಳಗೆ ಕಳೆ ತೆಗೆಯುವವಳಿಗೆ ರಿಸ್ಕ್ ತೀರಾ ಕಡಿಮೆ. ಅದೇ ಜಾಗದಲ್ಲಿ 30 ಅಡಿ ಏಣಿ ಹೊತ್ತವನಿಗೆ ರಿಸ್ಕ್ ವಿಪರೀತ. ಎಷ್ಟು ಹತ್ತಿರ, ಎಷ್ಟು ಹೊತ್ತು, ಎಷ್ಟು ಸಲ, ತಗುಲಿದರೆ ಏನಾಗುತ್ತದೆ ಎಂಬ ನಾಲ್ಕೂ ಸೇರಿದರೆ ರಿಸ್ಕ್.

ಕೆಲಸ ಶುರು ಮಾಡೋ ಮೊದಲು ಏನೇನು ನೋಡ್ಬೇಕು? ಅಷ್ಟು ಹೊತ್ತು ಯಾರಿಗಿದೆ?

ಒಂದು ದಿನದ ಕೊಯ್ಲಿನ ಜಾಗ ನೋಡಲು ಅರ್ಧ ಗಂಟೆ ಸಾಕು. ಹಿಂದಿನ ದಿನ ಸಂಜೆ, ಬೆಳಕಿರುವಾಗಲೇ ನಡೆದು ನೋಡಿ. ಮರ ಹತ್ತುವವನನ್ನು ಕರೆದುಕೊಂಡೇ ಹೋಗಿ. ಯಾವ ಮರ ಪೊಳ್ಳು, ಯಾವುದರ ಬುಡ ಜಾರುತ್ತದೆ ಎಂಬುದು ರೈಟರಿಗಿಂತ ಅವನಿಗೇ ಚೆನ್ನಾಗಿ ಗೊತ್ತಿರುತ್ತದೆ.

ಮೊದಲು ತಲೆ ಎತ್ತಿ ತಂತಿ ನೋಡಿ, ಆಮೇಲೆ ಮರ, ಕೊನೆಗೆ ನೆಲ. ಮರದಲ್ಲಿ ಒಣಗಿದ ಕೊಂಬೆ, ಬುಡದಲ್ಲಿ ಅಣಬೆ, ಬಡಿದರೆ ಟೊಳ್ಳು ಶಬ್ದ, ಹೆಜ್ಜೇನು ಅಥವಾ ಕಣಜದ ಗೂಡು ಇವೆಯೇ ನೋಡಿ. ನೆಲದಲ್ಲಿ ಇಳಿಜಾರು, ತರಗೆಲೆ ಮುಚ್ಚಿದ ತೊಟ್ಟಿಲು ಗುಂಡಿ (ಮಳೆನೀರು ಇಂಗಲು ತೋಡಿದ ಉದ್ದ ಗುಂಡಿ), ಒದ್ದೆ ಮಣ್ಣು ನೋಡಿ. ಹತ್ತಬಾರದ ಮರಕ್ಕೆ ಕೆಂಪು ಬಣ್ಣದ ಪಟ್ಟಿ ಎಳೆದುಬಿಡಿ. ಬಾಯಲ್ಲಿ ಹೇಳಿದ್ದು ಬೆಳಿಗ್ಗೆ ಏಳೂವರೆಯ ಗಡಿಬಿಡಿಯಲ್ಲಿ ಮರೆತುಹೋಗುತ್ತದೆ. ಅಸ್ಸಾಮಿನಿಂದಲೋ ಜಾರ್ಖಂಡಿನಿಂದಲೋ ಬಂದವರಿಗೆ ನಮ್ಮ ಮಾತು ಪೂರ್ತಿ ತಿಳಿಯದು, ಕೆಂಪು ಪಟ್ಟಿ ತಿಳಿಯುತ್ತದೆ.

ಕೆಲಸವನ್ನು ತುಂಡು ಮಾಡಿ ಯೋಚಿಸುವುದು ಮುಖ್ಯ. "ಮೆಣಸು ಕೊಯ್ಯುವುದು" ಒಂದು ಕೆಲಸವಲ್ಲ. ಏಣಿ ಹೊರುವುದು, ಎತ್ತಿ ನಿಲ್ಲಿಸುವುದು, ಹತ್ತುವುದು, ಕೊಯ್ಯುವುದು, ಚೀಲ ಇಳಿಸುವುದು, ಏಣಿಯನ್ನು ಮುಂದಿನ ಮರಕ್ಕೆ ಒಯ್ಯುವುದು ಎಂದು ಆರು ಕೆಲಸ. ಒಂದೊಂದಕ್ಕೂ "ಇಲ್ಲಿ ಏನು ತಪ್ಪಬಹುದು?" ಎಂದು ಕೇಳಿದರೆ, ಯಾರೂ ಗಮನಿಸದ ಆರನೆಯದೇ ಎಲ್ಲಕ್ಕಿಂತ ಕೆಟ್ಟದ್ದು ಎಂದು ಗೊತ್ತಾಗುತ್ತದೆ. ಮಡಚಿ ಹೊರಲು ಬೇಸರವಾಗಿ ಏಣಿಯನ್ನು ನೆಟ್ಟಗೆ ಎತ್ತಿಕೊಂಡೇ ನಡೆಯುತ್ತಾರೆ. ಕಣ್ಣು ಕಾಲಡಿ ಇರುತ್ತದೆ, ತುದಿ ಎಲ್ಲಿದೆ ಎಂದು ಯಾರೂ ನೋಡುವುದಿಲ್ಲ.

ರಿಸ್ಕಿಗೆ ಅಂಕ ಕೊಡ್ಬೇಕು ಅಂತಾರಲ್ಲ, ಅದು ಹೇಗೆ?

ಆಗುವ ಸಾಧ್ಯತೆಗೆ 1ರಿಂದ 5, ಆದರೆ ಎಷ್ಟು ಕೆಟ್ಟದ್ದು ಎಂಬುದಕ್ಕೆ 1ರಿಂದ 5 ಕೊಟ್ಟು ಗುಣಿಸುತ್ತಾರೆ. 15 ಅಥವಾ ಅದಕ್ಕಿಂತ ಹೆಚ್ಚಾದರೆ ಕೆಲಸ ನಿಲ್ಲಿಸಿ, 8ರಿಂದ 14 ಇದ್ದರೆ ಕ್ರಮ ತೆಗೆದುಕೊಂಡು ಮಾಡಿ ಎಂಬುದು ಸಾಮಾನ್ಯ ರೂಢಿ. ಯಾವುದನ್ನು ಮೊದಲು ಸರಿಮಾಡಬೇಕು ಎಂದು ತಿಳಿಯಲು ಇದು ಅನುಕೂಲ.

ಆದರೆ ಇದರಲ್ಲೊಂದು ದೊಡ್ಡ ಕುಂದು ಇದೆ. ಮುಳ್ಳು ಗೀರುವುದು ದಿನಾ ಆಗುತ್ತದೆ, ಗಾಯ ಸಣ್ಣದು: 5 ಗುಣಿಸು 1, ಅಂದರೆ 5. ತಂತಿ ತಗುಲುವುದು ಅಪರೂಪ, ತಗುಲಿದರೆ ಸಾವು: 1 ಗುಣಿಸು 5, ಅದೂ 5. ಕಾಗದದ ಮೇಲೆ ಎರಡೂ ಒಂದೇ. ಹಾಗಾಗಿ ಸಾವು ಅಥವಾ ಬೆನ್ನುಹುರಿಗೆ ಪೆಟ್ಟು ಆಗಬಹುದಾದ ಯಾವುದನ್ನೂ ಒಟ್ಟು ಅಂಕ ಕಡಿಮೆ ಇದೆ ಎಂದು ಪಕ್ಕಕ್ಕಿಡಬೇಡಿ. ಅದಕ್ಕೆ ಕ್ರಮ ಇರಲೇಬೇಕು.

## ಏಣಿ ಮತ್ತು ಕರೆಂಟು

ತಂತಿ ಬಹಳ ಮೇಲಿದೆ, ಏಣಿ ತಗುಲಲ್ಲ ಅನ್ಸುತ್ತೆ. ಎಷ್ಟು ದೂರ ಇದ್ರೆ ಸಾಕು?

ಕಣ್ಣಳತೆಯನ್ನು ನಂಬಬೇಡಿ. ರಸ್ತೆಯಲ್ಲದ ಜಾಗದಲ್ಲಿ ಹೊದಿಕೆಯಿಲ್ಲದ 11 ಕೆವಿ ತಂತಿ ನೆಲದಿಂದ ಕನಿಷ್ಠ 4.6 ಮೀಟರ್, ಅಂದರೆ 15 ಅಡಿ ಎತ್ತರದಲ್ಲಿದ್ದರೆ ನಿಯಮದ ಪ್ರಕಾರ ಸರಿಯೇ. ನಿಮ್ಮ ಏಣಿ ಅದರ ಎರಡರಷ್ಟಿದೆ. ಮೇಲಾಗಿ ಬಿಸಿಲಿಗೆ ತಂತಿ ಹಿಗ್ಗಿ ಇನ್ನಷ್ಟು ಜೋಲುತ್ತದೆ. ಮೆಣಸು ಕೊಯ್ಯುವುದೂ ಫೆಬ್ರವರಿಯಿಂದ ಏಪ್ರಿಲ್‌ವರೆಗಿನ ಬಿಸಿಲಲ್ಲೇ. ಇಳಿಜಾರಿನಲ್ಲಿ ಮೇಲ್ಗಡೆ ನಿಂತವನಿಗೆ ತಂತಿ ಇನ್ನೂ ಹತ್ತಿರ.

ಅಳತೆ ಹೀಗೆ ಮಾಡಿ. ಏಣಿ ಯಾವ ಕಡೆಗೆ ಬೇಕಾದರೂ ಬೀಳಬಹುದು, ಬಿದ್ದರೆ ತುದಿ ಬುಡದಿಂದ ಏಣಿಯ ಉದ್ದದಷ್ಟು ದೂರ ತಲುಪುತ್ತದೆ. ಅದರ ಮೇಲೆ ಅರ್ಧ ಉದ್ದ ಸೇರಿಸಿ. 30 ಅಡಿ ಏಣಿಯಾದರೆ, ತಂತಿಯ ನೇರ ಕೆಳಗಿನ ನೆಲದಿಂದ ಎರಡೂ ಬದಿಗೆ 45 ಅಡಿ. ಆ ಪಟ್ಟಿಯೊಳಗೆ ಲೋಹದ ಏಣಿ ನಿಲ್ಲಿಸಬಾರದು, ಎತ್ತಿಕೊಂಡು ದಾಟಲೂಬಾರದು. ಎರಡು ಬದಿಯ ಕಾಫಿ ಗಿಡಗಳಿಗೆ ಕೆಂಪು ಬಟ್ಟೆ ಕಟ್ಟಿ ಗೆರೆ ಮಾಡಿ. ಗೆರೆ ಬಂದ ತಕ್ಷಣ ಏಣಿ ಮಡಚಿ, ಅಡ್ಡ ಮಾಡಿ, ಇಬ್ಬರು ಹೊತ್ತು ದಾಟಬೇಕು.

ಹೊದಿಕೆಯಿಲ್ಲದ 11 ಕೆವಿ ತಂತಿಗೆ ಏಣಿ ಮುಟ್ಟಲೇಬೇಕೆಂದಿಲ್ಲ, ತೀರಾ ಸಮೀಪ ಬಂದರೂ ಕಿಡಿ ಹಾರಿ ಹರಿಯುತ್ತದೆ.

ಪಟ್ಟಿಯೊಳಗಿನ ಮೆಣಸು ಹಾಗಾದ್ರೆ ಬಿಟ್ಟುಬಿಡೋದಾ?

ನೆಲದಲ್ಲಿ ನಿಂತು ಎಟುಕುವಷ್ಟು ಕೊಯ್ಯಿರಿ. ಮೇಲಿನದು ಬೇಕೇ ಬೇಕು ಅಂದರೆ ಲೈನ್ ಕ್ಲಿಯರ್, ಅಂದರೆ ವಿದ್ಯುತ್ ಕಂಪನಿಯಿಂದ ಲೈನ್ ಆಫ್ ಮಾಡಿಸಿ ಕೊಡುವ ಅನುಮತಿ, ತೆಗೆದುಕೊಂಡು ಕೊಯ್ಯಬೇಕು. ಚಿಕ್ಕಮಗಳೂರು ಜಿಲ್ಲೆಗೆ ಮೆಸ್ಕಾಂ, ಹಾಸನ ಜಿಲ್ಲೆಗೆ ಸೆಸ್ಕ್. ಸೆಕ್ಷನ್ ಆಫೀಸಿಗೆ ಬರೆದುಕೊಡಿ. ಒಂದೇ ದಿನಕ್ಕೆ ಆ ಪಟ್ಟಿಯ ಮರಗಳೆಲ್ಲ ಮುಗಿಯುವಂತೆ ಆಳು ಹೊಂದಿಸಿಕೊಳ್ಳಿ. ಲೈನ್‌ಮನ್ ಬಂದು ಆಫ್ ಮಾಡಿ, ಅರ್ತ್ ಮಾಡಿ, ಸ್ಥಳದಲ್ಲೇ ನಿಂತು ಹೇಳಿದ ಮೇಲೆ ಏಣಿ ಎತ್ತಬೇಕು. "ಈಗ ಕರೆಂಟ್ ಹೋಗಿದೆ, ಬೇಗ ಕೊಯ್ದುಬಿಡೋಣ" ಎಂಬುದು ಅತ್ಯಂತ ಅಪಾಯದ ಮಾತು. ಹೋದ ಕರೆಂಟು ಯಾವ ಕ್ಷಣದಲ್ಲಾದರೂ ಬರುತ್ತದೆ.

ಮುಂದಿನ ಸಲ ಈ ತಲೆನೋವೇ ಬೇಡವೆಂದರೆ ಆ ಪಟ್ಟಿಯೊಳಗಿನ ಮರಗಳ ಮೇಲೆ ಬಳ್ಳಿ ಹಬ್ಬಿಸಬೇಡಿ. ಹಬ್ಬಿದ ಬಳ್ಳಿಯನ್ನು ಹತ್ತು ಅಡಿಗೆ ಕತ್ತರಿಸಿ ನಿಲ್ಲಿಸಿ. ಅಷ್ಟು ಮೆಣಸು ಹೋಗುತ್ತದೆ, ಅಪಾಯವೂ ಬಹುಮಟ್ಟಿಗೆ ಹೋಗುತ್ತದೆ.

ಫೈಬರ್ ಏಣಿ ತಂದ್ಮೇಲೆ ಇನ್ನೇನು ಭಯ?

ಅಲ್ಯೂಮಿನಿಯಂಗಿಂತ ಬಹಳ ಮೇಲು, ತರಲೇಬೇಕು. ಆದರೆ ಒಣಗಿ, ಸ್ವಚ್ಛವಾಗಿದ್ದಾಗ ಮಾತ್ರ ಅದು ಕರೆಂಟು ತಡೆಯುತ್ತದೆ. ಬೆಳಗಿನ ಇಬ್ಬನಿ, ಕೆಸರು, ಮೈಲುತುತ್ತ-ಸುಣ್ಣದ ಬೋರ್ಡೋ ದ್ರಾವಣದ ತಿಳಿನೀಲಿ ಲೇಪ ಅಂಟಿದ ಏಣಿಯ ಮೈಮೇಲೆ ಕರೆಂಟು ಹರಿಯಬಲ್ಲದು. ಹಸಿ ಬಿದಿರಿನ ಏಣಿಗೂ ಇದೇ ಮಾತು. ಮೇಲ್ಮೈ ಬಿರುಕುಬಿಟ್ಟು ನಾರು ಎದ್ದಿದ್ದರೆ ಆ ಏಣಿಯನ್ನು ಲೈನ್ ಇರುವ ಕಡೆ ಬಳಸಬೇಡಿ. ಜೊತೆಗೆ, ಅದು ತೂಕ ಹೆಚ್ಚು, ಒಬ್ಬನೇ ಎತ್ತಲು ಹೋದರೆ ಹಿಡಿತ ತಪ್ಪಿ ವಾಲುತ್ತದೆ. ಬೀಳುವ ಅಪಾಯವಂತೂ ಕೂದಲೆಳೆಯಷ್ಟೂ ಕಡಿಮೆಯಾಗುವುದಿಲ್ಲ. 45 ಅಡಿಯ ಗೆರೆ ಫೈಬರ್ ಏಣಿಗೂ ಇರಲಿ.

ಯಾರಿಗಾದ್ರೂ ಕರೆಂಟ್ ಹೊಡೆದ್ರೆ ಒಣ ಕೋಲಲ್ಲಿ ತಳ್ಳಬಹುದಾ?

ಮನೆಯ 230 ವೋಲ್ಟಿನಲ್ಲಿ ಸರಿ. 11 ಕೆವಿಗೆ ಸಲ್ಲದು, ಎರಡನೆಯ ಜೀವವೂ ಹೋಗುತ್ತದೆ. ಏಣಿ ತಂತಿಗೆ ತಗುಲಿಕೊಂಡಿದ್ದರೆ ಸುತ್ತಲಿನ ನೆಲದಲ್ಲೂ ಕರೆಂಟು ಹರಡಿರುತ್ತದೆ. 10 ಮೀಟರ್ ದೂರವೇ ನಿಲ್ಲಿ. ಅಷ್ಟರೊಳಗೆ ಆಗಲೇ ಇದ್ದರೆ ಹೆಜ್ಜೆ ಅಗಲಿಸದೆ, ಪಾದಕ್ಕೆ ಪಾದ ತಾಗಿಸಿ ಉಜ್ಜುತ್ತಾ ಹೊರಬನ್ನಿ. ವಿದ್ಯುತ್ ಸಹಾಯವಾಣಿ 1912ಕ್ಕೂ ಸೆಕ್ಷನ್ ಲೈನ್‌ಮನ್‌ಗೂ ಫೋನ್ ಮಾಡಿ, ಕಂಬದ ಮೇಲಿನ ನಂಬರ್ ಹೇಳಿ. ಒಣ ನೆಲದಲ್ಲಿ ಹರಿಯುವ ಕರೆಂಟು ಕಡಿಮೆಯಿದ್ದು ಸಬ್‌ಸ್ಟೇಷನ್‌ನಲ್ಲಿ ಟ್ರಿಪ್ ಆಗದೇ, ಅಂದರೆ ಲೈನ್ ತಾನಾಗಿ ಆಫ್ ಆಗದೇ ಇರಬಹುದು. ಟ್ರಿಪ್ ಆದರೂ ಮತ್ತೆ ಚಾರ್ಜ್ ಮಾಡುತ್ತಾರೆ. ಆದ್ದರಿಂದ ಆಫ್ ಆಗಿದೆಯೆಂದು ಅವರು ಖಚಿತಪಡಿಸುವವರೆಗೆ ಮುಟ್ಟಬೇಡಿ.

ಆಫ್ ಆದ ಮೇಲೆ ಉಸಿರು ಇಲ್ಲದಿದ್ದರೆ ಎದೆಯ ಮಧ್ಯೆ ಎರಡೂ ಅಂಗೈ ಇಟ್ಟು, 5-6 ಸೆಂ.ಮೀ. ಆಳಕ್ಕೆ, ನಿಮಿಷಕ್ಕೆ 100ರಿಂದ 120 ಸಲ ಒತ್ತುತ್ತಿರಿ. 108 ಬರುವವರೆಗೆ ನಿಲ್ಲಿಸಬೇಡಿ, ಸುಸ್ತಾದರೆ ಇನ್ನೊಬ್ಬರು ಮುಂದುವರಿಸಲಿ.

## ಮರದ ಮೇಲೆ

ಸೇಫ್ಟಿ ಬೆಲ್ಟ್ ಕೊಟ್ರೂ ಹಾಕಲ್ಲ. ಏನು ಮಾಡೋದು?

ಯಾಕೆ ಹಾಕುವುದಿಲ್ಲ ಎಂದು ಅವರನ್ನೇ ಕೇಳಿ. ಉತ್ತರದಲ್ಲಿ ಬಹುಪಾಲು ನ್ಯಾಯ ಇರುತ್ತದೆ. ಒಂದೇ ಕೊಕ್ಕೆಯ ಬೆಲ್ಟಾದರೆ ಪ್ರತಿ ಕೊಂಬೆ ದಾಟುವಾಗಲೂ ಬಿಚ್ಚಿ ಹಾಕಬೇಕು, ಬಿಚ್ಚಿದ ಆ ಕ್ಷಣವೇ ಬೀಳುವ ಕ್ಷಣ. ಎರಡು ಹಗ್ಗ, ಎರಡು ಕೊಕ್ಕೆ ಇರುವುದನ್ನು ತನ್ನಿ. ಒಂದನ್ನು ಮೇಲೆ ಸಿಕ್ಕಿಸಿದ ಮೇಲೆ ಇನ್ನೊಂದನ್ನು ಬಿಚ್ಚಬಹುದು. ಸೊಂಟಕ್ಕೆ ಮಾತ್ರ ಬಿಗಿಯುವ ಬೆಲ್ಟ್ ಬೇಡ, ಬೀಳುವಾಗ ಅದು ಬೆನ್ನುಮೂಳೆಗೆ ಪೆಟ್ಟು ಕೊಡುತ್ತದೆ, ಇಲ್ಲವೇ ಎದೆಗೆ ಜಾರುತ್ತದೆ. ತೊಡೆ, ಎದೆ, ಭುಜ ಹಿಡಿಯುವ ಪೂರ್ತಿ ಮೈಯ ಹಾರ್ನೆಸ್ ಬೇಕು. ಐಎಸ್ 3521 ಗುರುತು ನೋಡಿ. ಹೆಲ್ಮೆಟ್ಟಿಗೆ ಐಎಸ್ 2925. ಗದ್ದದ ಪಟ್ಟಿ ಇಲ್ಲದ ಹೆಲ್ಮೆಟ್ ಮರದ ಕೆಲಸಕ್ಕೆ ಆಗದು, ಬಗ್ಗಿದರೆ ಬೀಳುತ್ತದೆ.

ಹಾರ್ನೆಸ್ ಹಾಕಿದ್ರೂ ಒಬ್ಬ ನೆಲಕ್ಕೆ ಬಿದ್ದ ಅಂತಾರೆ. ಅದು ಹೇಗೆ ಸಾಧ್ಯ?

ಹಗ್ಗದ ಉದ್ದದ ಲೆಕ್ಕ ತಪ್ಪಿದರೆ ಖಂಡಿತ ಸಾಧ್ಯ. ಕಟ್ಟಡದ ಕೆಲಸಕ್ಕೆ ಬರುವ ಸಾಮಾನ್ಯ ಹಗ್ಗ 1.8 ಮೀಟರ್. ಜೊತೆಗಿರುವ, ಬೀಳುವಾಗಿನ ಜಗ್ಗು ತಗ್ಗಿಸುವ ಮಡಿಕೆ ಬಿಚ್ಚಿಕೊಂಡರೆ ಇನ್ನೂ 1.2ರಿಂದ 1.75 ಮೀಟರ್. ನೇತಾಡುವವನ ಬೆನ್ನಿನ ರಿಂಗಿನಿಂದ ಕಾಲಿನವರೆಗೆ 1.5 ಮೀಟರ್, ಕೆಳಗೆ 1 ಮೀಟರ್ ಅಂತರ. ಒಟ್ಟು 6 ಮೀಟರ್, ಅಂದರೆ 20 ಅಡಿ. ಅಷ್ಟು ಎತ್ತರದಲ್ಲಿ ಕೊಕ್ಕೆ ಇಲ್ಲದಿದ್ದರೆ ಹಗ್ಗ ಪೂರ್ತಿ ತಡೆಯುವ ಮೊದಲೇ ನೆಲ ಸಿಗಬಹುದು. ಕೊಕ್ಕೆಯನ್ನು ಕಾಲ ಬಳಿಯ ಕೊಂಬೆಗೆ ಹಾಕಿದರೆ ಇನ್ನೂ ಹೆಚ್ಚು ಬೀಳುತ್ತಾನೆ.

ಮರದ ಕೆಲಸಕ್ಕೆ ಇದಕ್ಕಿಂತ ಒಳ್ಳೆಯ ಉಪಾಯವೆಂದರೆ ಬೀಳಲು ಬಿಡದೇ ಇರುವುದು. ಕಾಂಡವನ್ನು ಸುತ್ತುವ ಗಿಡ್ಡ ಹಗ್ಗವನ್ನು ಸೊಂಟದ ಎರಡು ಬದಿಯ ರಿಂಗಿಗೆ ಸಿಕ್ಕಿಸಿ, ಅದಕ್ಕೆ ಒರಗಿ ನಿಂತು ಕೆಲಸ ಮಾಡುವುದು. ಅದರ ಜೊತೆಗೆ ಮೇಲ್ಗಡೆಯ ಗಟ್ಟಿ ಕವಲಿಗೆ ಇನ್ನೊಂದು ಹಗ್ಗ. ಯಾವ ಕವಲು ಗಟ್ಟಿ ಎಂಬುದು ಮರದ ಜಾತಿಯ ಮೇಲೆ ನಿಂತಿದೆ. ಸಿಲ್ವರ್ ಮರದ ಪಕ್ಕದ ಕೊಂಬೆ ಸೂಚನೆ ಕೊಡದೆ ಪಟಕ್ಕನೆ ಮುರಿಯುತ್ತದೆ, ಅದಕ್ಕೆ ಎಂದೂ ಕಟ್ಟಬಾರದು, ಕಾಂಡಕ್ಕೇ ಸುತ್ತಬೇಕು. ಹಾಲುವಾಣದ ಮರ ಮೆದು, ಅದನ್ನೂ ನಂಬಬೇಡಿ.

ಕತ್ತಿ ಬೀಸುವಾಗ ತನ್ನ ಹಗ್ಗವನ್ನೇ ಕಡಿದುಕೊಂಡದ್ದೂ ಉಂಟು. ಅದಕ್ಕೆಂದೇ ಒಳಗೆ ಉಕ್ಕಿನ ಎಳೆ ಇರುವ ಹಗ್ಗ ಬರುತ್ತದೆ. ಆದರೆ ಉಕ್ಕು ಕರೆಂಟು ಹರಿಸುತ್ತದೆ, ಲೈನ್ ಹತ್ತಿರ ಅದು ಬೇಡ. ಒಂದು ಅಪಾಯಕ್ಕೆ ಮದ್ದು ಇನ್ನೊಂದು ಅಪಾಯವಾಗುವುದು ಹೀಗೆ.

ಹಗ್ಗದಲ್ಲಿ ನೇತಾಡ್ತಿರೋನನ್ನ ಇಳಿಸೋದು ಹೇಗೆ?

ಇದಕ್ಕೆ ಉತ್ತರ ಕೆಲಸಕ್ಕೆ ಮೊದಲೇ ಇರಬೇಕು. ತೊಡೆಯ ಪಟ್ಟಿ ಒತ್ತಿ ಕಾಲಿನ ರಕ್ತ ಮೇಲೆ ಬಾರದೆ ಕೆಲವೇ ನಿಮಿಷಗಳಲ್ಲಿ ಪ್ರಜ್ಞೆ ತಪ್ಪಬಹುದು. ಅಗ್ನಿಶಾಮಕದವರು ಮೂಡಿಗೆರೆಯಿಂದಲೋ ಸಕಲೇಶಪುರದಿಂದಲೋ ತೋಟಕ್ಕೆ ಬರುವಷ್ಟರಲ್ಲಿ ಹೊತ್ತಾಗಿಬಿಡುತ್ತದೆ. ಪ್ರತಿ ಗುಂಪಿನಲ್ಲಿ ಹತ್ತಬಲ್ಲ ಎರಡನೆಯವನು ನೆಲದಲ್ಲಿರಬೇಕು, ಅವನ ಹಾರ್ನೆಸ್ ಮೈಮೇಲೇ ಇರಬೇಕು, ಎರಡನೆಯ ಏಣಿ ಹತ್ತಿರವೇ ಇರಬೇಕು. ಸೀಸನ್ ಶುರುವಿಗೆ ಮೊದಲು ಹತ್ತು ಅಡಿ ಎತ್ತರದಲ್ಲಿ ಒಮ್ಮೆ ಮಾಡಿ ನೋಡಿ. ಎಷ್ಟು ನಿಮಿಷ ಹಿಡಿಯಿತು ಎಂದು ಗಡಿಯಾರ ನೋಡಿ ಬರೆದಿಡಿ.

ಮರಗಸಿ ಮಾಡುವಾಗ ಕೊಂಬೆ ಸೀಳಿ ವಾಪಸ್ ಬರುತ್ತಲ್ಲ, ಯಾಕೆ?

ಮೇಲಿನಿಂದ ಮಾತ್ರ ಕಡಿದರೆ ಕೊಂಬೆ ಬಾಗಿ ಕೆಳಗಿನ ತೊಗಟೆ ಸೀಳಿಕೊಂಡು ಕಾಂಡದ ಕಡೆಗೇ ತೂಗಿ ಬರುತ್ತದೆ. ಮೊದಲು ಕಾಂಡದಿಂದ ಒಂದಡಿ ಆಚೆ, ಕೆಳಗಿನಿಂದ ದಪ್ಪದ ಮೂರರಲ್ಲಿ ಒಂದು ಭಾಗ ಕಡಿಯಿರಿ. ಆಮೇಲೆ ಅದಕ್ಕಿಂತ ಸ್ವಲ್ಪ ಆಚೆ ಮೇಲಿನಿಂದ. ಉಳಿದ ಮೋಟನ್ನು ಕೊನೆಗೆ ಸವರಿ. ಮಳೆ ಹಿಡಿದು ತೊಗಟೆ ಪಾಚಿಗಟ್ಟುವ ಮೊದಲೇ ಮರಗಸಿ ಮುಗಿಯಲಿ. ಏಪ್ರಿಲ್-ಮೇ ಗುಡುಗಿನ ದಿನಗಳಲ್ಲಿ ಮಿಂಚು ಕಂಡು 30 ಸೆಕೆಂಡಿನೊಳಗೆ ಗುಡುಗು ಕೇಳಿದರೆ ಸಿಡಿಲು 10 ಕಿ.ಮೀ. ಒಳಗಿದೆ ಎಂದರ್ಥ, ಕೆಳಗಿಳಿಸಿ. ಕೊನೆಯ ಗುಡುಗಿನಿಂದ ಅರ್ಧ ಗಂಟೆ ಕಾಯಿರಿ.

## ನೆಲದ ಕೆಲಸ

ಮಾಸ್ಕ್ ಹಾಕೇ ಔಷಧಿ ಹೊಡೀತೀವಿ. ಇನ್ನೇನು ಬೇಕು?

ತೋಟದಲ್ಲಿ ಹೆಚ್ಚಿನ ವಿಷ ಮೈ ಸೇರುವುದು ಚರ್ಮದ ಮೂಲಕ, ಅದೂ ಬೆರೆಸುವಾಗ. 20 ಇಸಿ ಎಂದು ಬರೆದ ಬಾಟಲಿಯಲ್ಲಿ ಲೀಟರಿಗೆ 200 ಗ್ರಾಂ ವಿಷ. ನೀರಿಗೆ ಲೀಟರಿಗೆ 2.5 ಮಿ.ಲೀ. ಹಾಕಿದರೆ ಟ್ಯಾಂಕಿನಲ್ಲಿ ಲೀಟರಿಗೆ ಅರ್ಧ ಗ್ರಾಂ. ಬೆರೆಸುವವನ ಕೈಮೇಲೆ ಬಿದ್ದ ಒಂದು ಹನಿ, ಹೊಡೆಯುವವನ ಮೇಲೆ ಬಿದ್ದ 400 ಹನಿಗೆ ಸಮ. ಬೆರೆಸುವವರಿಗೆ ನೈಟ್ರೈಲ್ ಗ್ಲೌಸು, ಕನ್ನಡಕ, ಏಪ್ರನ್ ಮೊದಲು ಕೊಡಿ. ಬಟ್ಟೆಯ ಗ್ಲೌಸು ಔಷಧಿ ಹೀರಿಕೊಂಡು ಕೈಗೆ ಕಟ್ಟಿದ ಪಟ್ಟಿಯಂತಾಗುತ್ತದೆ, ಅದಕ್ಕಿಂತ ಬರಿಗೈ ತೊಳೆಯುವುದೇ ವಾಸಿ. ಮೂಗಿಗೆ ಕಟ್ಟಿದ ಟವೆಲ್ಲೂ ಅಷ್ಟೆ.

ಬಾಟಲಿಯ ಮೇಲಿನ ತ್ರಿಕೋನ ನೋಡಿ: ಕೆಂಪು ಅತಿ ಘೋರ, ಆಮೇಲೆ ಹಳದಿ, ನೀಲಿ, ಹಸಿರು. ಹಳದಿಯ ಜಾಗದಲ್ಲಿ ನೀಲಿಯೋ ಹಸಿರೋ ಸಾಕಾಗುತ್ತದೆಯೇ ಎಂದು ಔಷಧಿ ಕೊಳ್ಳುವ ಮೊದಲೇ ಬಾಳೆಹೊನ್ನೂರಿನ ಕೇಂದ್ರೀಯ ಕಾಫಿ ಸಂಶೋಧನಾ ಸಂಸ್ಥೆಯ ಅಥವಾ ಕಾಫಿ ಬೋರ್ಡಿನ ವಿಸ್ತರಣಾ ಅಧಿಕಾರಿಗಳನ್ನು ಕೇಳಿ. ಹೊಡೆದವನಿಗೆ ಜೊಲ್ಲು, ಬೆವರು, ಮಾಂಸಖಂಡ ಅದುರುವುದು, ಕಣ್ಣಿನ ಪಾಪೆ ಸೂಜಿಮೊನೆಯಷ್ಟಾಗುವುದು ಕಂಡರೆ ಬಟ್ಟೆ ಬಿಚ್ಚಿಸಿ, ಸೋಪು ನೀರಿನಲ್ಲಿ ತೊಳೆದು, ಬಾಟಲಿಯ ಚೀಟಿ ಸಮೇತ ಆಸ್ಪತ್ರೆಗೆ.

ಪಲ್ಪಿಂಗ್ (ಕಾಫಿ ಹಣ್ಣಿನ ಸಿಪ್ಪೆ ಬಿಡಿಸಿದ) ನೀರಿನ ಗುಂಡಿ, ಗೋಬರ್ ಗ್ಯಾಸ್ ತೊಟ್ಟಿ ಕ್ಲೀನ್ ಮಾಡೋಕೆ ಐದೇ ನಿಮಿಷ ಇಳೀಬಹುದಾ?

ಇಳಿಯಬಾರದು. ಕೊಳೆತ ವಾಸನೆಯ ಅನಿಲ ಹೈಡ್ರೋಜನ್ ಸಲ್ಫೈಡ್ ಹೆಚ್ಚಾದಂತೆ ಮೂಗನ್ನೇ ಮರಗಟ್ಟಿಸುತ್ತದೆ. "ಈಗ ವಾಸನೆ ಇಲ್ಲ" ಎನಿಸುವುದೇ ಅಪಾಯ ಹೆಚ್ಚಿದ ಲಕ್ಷಣವಿರಬಹುದು. ದೀಪ ಇಳಿಸಿ ನೋಡುವ ಹಳೆಯ ಪದ್ಧತಿ ಗೋಬರ್ ಗ್ಯಾಸ್ ತೊಟ್ಟಿಯಲ್ಲಿ ಸ್ಫೋಟಕ್ಕೆ ದಾರಿ, ಮೀಥೇನ್ ಗಾಳಿಯಲ್ಲಿ ನೂರಕ್ಕೆ 5ರಿಂದ 15 ಭಾಗ ಇದ್ದರೆ ಹೊತ್ತಿಕೊಳ್ಳುತ್ತದೆ. ಸ್ಲರಿ ಪಂಪು, ಉದ್ದ ಕೋಲಿನ ಗುದ್ದಲಿಯಿಂದ ಮೇಲಿನಿಂದಲೇ ತೆಗೆಯಿರಿ. ಒಬ್ಬ ಒಳಗೆ ಬಿದ್ದರೆ ಇನ್ನೊಬ್ಬ ಇಳಿಯಲೇಬಾರದು. ಈ ಗುಂಡಿಗಳಲ್ಲಿ ಒಂದಲ್ಲ, ಎರಡು ಮೂರು ಹೆಣ ಸಿಗುವುದು ಎತ್ತಲು ಹೋದವರಿಂದಲೇ.

ಕಳೆ ಮಿಷನ್ ಹೊಡೆಯುವಾಗ ಕಿವಿಗೆ ಮುಚ್ಚಿಕೊಳ್ಳಿ ಅಂತೀರಿ, ಆನೆ ಬಂದ್ರೆ ಹೇಗೆ ಗೊತ್ತಾಗೋದು?

ಒಳ್ಳೆಯ ಪ್ರಶ್ನೆ. ಆಲೂರು, ಸಕಲೇಶಪುರ, ಬೇಲೂರು, ಮೂಡಿಗೆರೆಯಲ್ಲಿ ಇದು ನಿಜವಾದ ಇಕ್ಕಟ್ಟು. ಮಿಷನ್ ಹಿಡಿದವನಿಗೆ ಮುಚ್ಚಿಕೊಳ್ಳದಿದ್ದರೂ ಆನೆ ಕೇಳಿಸದು. ಹಾಗಾಗಿ ಕಿವಿ ಮುಚ್ಚಲಿ, ಆದರೆ ಮಿಷನ್ ಇಲ್ಲದ ಒಬ್ಬ ಕಾವಲಿಗೆ ಇರಲಿ, ಮಿಷನ್‌ನವರಿಗೆ ಕಾಣುವಂತೆ ಬಾವುಟ ಹಿಡಿದಿರಲಿ. ಅರಣ್ಯ ಇಲಾಖೆಯ ಆನೆ ಸಂದೇಶ ನೋಡದೆ ಆಳು ಕಳಿಸಬೇಡಿ. ಹಬೆಯಾಡುವ ಲದ್ದಿ, ಹಾಲು ಸೋರುತ್ತಿರುವ ಮುರಿದ ಕೊಂಬೆ ಕಂಡರೆ ಆ ಬ್ಲಾಕಿನ ಕೆಲಸ ಅಂದಿಗೆ ಬೇಡ.

## ಕ್ರಮಗಳನ್ನು ತೂಗಿ ನೋಡುವುದು

ದುಡ್ಡು ಕಮ್ಮಿ ಇದೆ. ಮೊದಲು ಯಾವುದಕ್ಕೆ ಹಾಕ್ಲಿ?

ಮನುಷ್ಯನ ಎಚ್ಚರವನ್ನು ನಂಬಿದ ಕ್ರಮ ಎಲ್ಲಕ್ಕಿಂತ ದುರ್ಬಲ, ಅಪಾಯವನ್ನೇ ಇಲ್ಲವಾಗಿಸುವುದು ಎಲ್ಲಕ್ಕಿಂತ ಬಲ. ತಂತಿ ಕೆಳಗೆ ಮೆಣಸೇ ಬೇಡ ಎಂಬುದಕ್ಕೆ ಖರ್ಚಿಲ್ಲ. ತಂತಿಯಿಲ್ಲದ ಕಡೆ ಬಳ್ಳಿಯನ್ನು 15-20 ಅಡಿಗೆ ನಿಲ್ಲಿಸಿದರೆ ಗಿಡ್ಡ ಏಣಿ ಸಾಕು. ಆಮೇಲೆ ಫೈಬರ್ ಏಣಿ, ಏಣಿಯ ಬುಡಕ್ಕೆ ಚೂಪು ಕಾಲು, ತುದಿಗೆ ಮರಕ್ಕೆ ಕಟ್ಟುವ ಹಗ್ಗ. ಆಮೇಲೆ ಕೆಲಸದ ಹೊತ್ತು, ಕಾವಲು, ಗೆರೆ. ಕೊನೆಗೆ ಹಾರ್ನೆಸ್, ಹೆಲ್ಮೆಟ್. ಹೆಚ್ಚಿನ ತೋಟಗಳಲ್ಲಿ ಕೊನೆಯದನ್ನೇ ಮೊದಲು ಕೊಂಡು ಅಲ್ಲಿಗೆ ನಿಲ್ಲಿಸುತ್ತಾರೆ. ಕೊನೆಯದೂ ಬೇಕು, ಆದರೆ ಮೇಲಿನವು ಕೈಕೊಟ್ಟ ದಿನಕ್ಕೆ.

ಎಲ್ಲಾ ತಂದುಕೊಟ್ಟಿದ್ದೀವಿ. ಕೆಲಸಕ್ಕೆ ಬರ್ತಿದೆಯಾ ಅಂತ ಗೊತ್ತಾಗೋದು ಹೇಗೆ?

ಅಪಘಾತ ಆಗಲಿಲ್ಲ ಎಂಬುದನ್ನು ಅಳತೆಗೋಲು ಮಾಡಿಕೊಳ್ಳಬೇಡಿ, ಅದರ ಲೆಕ್ಕ ಮೊದಲ ಪ್ರಶ್ನೆಯಲ್ಲೇ ಇದೆ. ವಾರಕ್ಕೊಮ್ಮೆ ಹೇಳದೆ ಹೋಗಿ ಹತ್ತು ಮರ ನೋಡಿ. ಎಷ್ಟರಲ್ಲಿ ಏಣಿಯ ತುದಿ ಕಟ್ಟಿತ್ತು? ಬುಡವು ಮರದಿಂದ, ಏಣಿ ಎತ್ತರದ ನಾಲ್ಕರಲ್ಲಿ ಒಂದು ಭಾಗ ದೂರವಿತ್ತೇ? ಕೊಕ್ಕೆ ತಲೆಗಿಂತ ಮೇಲಿತ್ತೇ? ಹತ್ತರಲ್ಲಿ ನಾಲ್ಕರಲ್ಲಿ ಮಾತ್ರ ಕೊಕ್ಕೆ ಇದ್ದರೆ, ಕಾಗದದಲ್ಲಿ ಹಾರ್ನೆಸ್ ಇದೆ, ಆರು ಮರದಲ್ಲಿ ಇಲ್ಲ.

ಸಂಜೆ ನಾಲ್ಕರ ಮೇಲೆ ಒಮ್ಮೆ ಹೋಗಿ ನೋಡಿ. ಬೆಳಿಗ್ಗೆ ಇದ್ದದ್ದು ಆಗ ಇರುವುದಿಲ್ಲ.

ಜಾರಿ ಹಿಡಿದುಕೊಂಡದ್ದು, ಏಣಿ ವಾಲಿದ್ದು, ಕೊಂಬೆ ಪಕ್ಕದಲ್ಲೇ ಬಿದ್ದದ್ದು ಇವನ್ನೆಲ್ಲ ಪುಸ್ತಕದಲ್ಲಿ ಬರೆಸಿ. ಹೇಳಿದವನನ್ನು ಬೈದರೆ ಮರುದಿನದಿಂದ ಪುಸ್ತಕ ಖಾಲಿ.

ಕೊಯ್ಲು ಗುತ್ತಿಗೆಗೆ ಕೊಟ್ಟಿದ್ದೀವಿ. ಜವಾಬ್ದಾರಿ ಅವರದೇ ಅಲ್ವಾ?

ಅಲ್ಲ. ತನ್ನದೇ ಕಸುಬಿನ ಕೆಲಸವನ್ನು ಗುತ್ತಿಗೆದಾರನ ಮೂಲಕ ಮಾಡಿಸಿಕೊಂಡ ಮಾಲೀಕನಿಂದಲೇ ಕೆಲಸಗಾರ ಪರಿಹಾರ ಕೇಳಬಹುದು. ಆಮೇಲೆ ಮಾಲೀಕ ಗುತ್ತಿಗೆದಾರನಿಂದ ವಸೂಲಿ ಮಾಡಿಕೊಳ್ಳಬೇಕು. "ಹೆಲ್ಮೆಟ್ ಕೊಟ್ಟಿದ್ದೆ, ಅವನೇ ತೆಗೆದಿಟ್ಟ" ಎಂಬ ವಾದ ಸಾವು ಅಥವಾ ಪೂರ್ತಿ ಅಂಗವಿಕಲತೆ ಆದಾಗ ನಿಲ್ಲುವುದಿಲ್ಲ.

ಅದಕ್ಕಿಂತ ಮುಖ್ಯವಾದದ್ದು ದರ. ಕೆ.ಜಿ. ಲೆಕ್ಕದಲ್ಲಿ ಕೊಟ್ಟರೆ ಹಗ್ಗ ಕಟ್ಟುವ ಪ್ರತಿ ನಿಮಿಷವೂ ಆಳಿನ ಕೂಲಿಯಿಂದ ಹೋಗುತ್ತದೆ. ಒಂದು ಮರಕ್ಕೆ ಎರಡು ನಿಮಿಷ, 30 ಮರಕ್ಕೆ ಒಂದು ಗಂಟೆ. ಆ ಒಂದು ಗಂಟೆಯ ಕೂಲಿಯನ್ನು ಬೇರೆಯಾಗಿ ಕೊಡಿ, ಕೊಟ್ಟಿದ್ದನ್ನು ಗುತ್ತಿಗೆ ಚೀಟಿಯಲ್ಲೂ ಬರೆಯಿರಿ.

ಒಂದ್ಸಲ ನೋಡಿ ಮಾಡಿಟ್ಟ ಅಪಾಯಗಳ ಪಟ್ಟಿ ಎಷ್ಟು ವರ್ಷ ನಡೆಯುತ್ತೆ?

ವರ್ಷದ ಮಾತಲ್ಲ. ಹೊಸ ಗುಂಪು ಬಂದಾಗ, ಹೊಸ ಏಣಿಯೋ ಮಿಷನ್ನೋ ಬಂದಾಗ, ಲೈನ್ ಎಳೆದಾಗ ಅಥವಾ ಕಂಬ ವಾಲಿದಾಗ, ಜೋರು ಗಾಳಿ ಬೀಸಿದ ಮರುದಿನ, ಮತ್ತು ಪುಸ್ತಕದಲ್ಲಿ ಒಂದೇ ತರಹದ ಘಟನೆ ಎರಡು ಸಲ ಬರೆದಿದ್ದಾಗ ಮತ್ತೆ ನಡೆದು ನೋಡಬೇಕು. ಹಾರ್ನೆಸ್ಸಿನ ಹೊಲಿಗೆ, ಕೊಕ್ಕೆಯ ಸ್ಪ್ರಿಂಗು ಪ್ರತಿ ಬೆಳಿಗ್ಗೆ ನೋಡಿ. ಒಮ್ಮೆ ಬಿದ್ದವನನ್ನು ತಡೆದ ಹಾರ್ನೆಸ್ಸನ್ನು, ಎಷ್ಟೇ ಹೊಸದಿರಲಿ, ಕತ್ತರಿಸಿ ಎಸೆಯಿರಿ. ಮೂಲೆಯಲ್ಲಿಟ್ಟರೆ ಮುಂದಿನ ಸೀಸನ್ನಿಗೆ ಯಾರೋ ತೊಟ್ಟುಕೊಂಡು ಮರ ಹತ್ತುತ್ತಾರೆ.